ಕೆಟ್ಟ ಆಟಕ್ಕೊಂದು ಒಳ್ಳೆಯ ಕ್ಲಬ್

ಹೊಸ ಊರಿಗೆ ಬಂದವರು ಮೊದಲು ಹಾಲಿನವನನ್ನು ಗೊತ್ತು ಮಾಡಿಕೊಳ್ಳುತ್ತಾರೆ, ಆಮೇಲೆ ಪೇಪರಿನವನನ್ನು, ಆಮೇಲೆ ಕರೆದರೆ ಬರುವಂಥ ಪ್ಲಂಬರನ್ನು. ಗಾಲ್ಫ್ ಆಡುವವರ ಮನೆಯಲ್ಲಿ ಈ ಕ್ರಮ ತಲೆಕೆಳಗು. ಅಲ್ಲಿ ಹಾಲು ಒಡೆದಿರುತ್ತದೆ, ನಲ್ಲಿ ಸೋರುತ್ತಿರುತ್ತದೆ, ಯಜಮಾನರು ಮಾತ್ರ ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಕ್ಲಬ್ಬಿನ ನಿಯಮಾವಳಿ ಓದುತ್ತಿರುತ್ತಾರೆ. ನಿವೃತ್ತನಾಗಿ ಬೆಂಗಳೂರು ಬಿಟ್ಟು ಮೈಸೂರಿಗೆ ಬಂದಾಗ ನಮ್ಮ ಮನೆಯಲ್ಲೂ ಹೀಗೇ ಆಯಿತು. "ಮೊದಲು ಗ್ಯಾಸ್ ಕನೆಕ್ಷನ್ ಬದಲಾಗಲಿ, ಆಮೇಲೆ ನಿಮ್ಮ ಗಾಲ್ಫು" ಎಂದಳು ಹೆಂಡತಿ. ಸಿಲಿಂಡರಿಲ್ಲದೆ ಹೋಟೆಲಿನಲ್ಲಿ ಉಣ್ಣಬಹುದು, ಕ್ಲಬ್ಬಿಲ್ಲದೆ ಎಲ್ಲಿ ಆಡುವುದು ಎಂಬ ನನ್ನ ತರ್ಕ ಅವಳಿಗೆ ಹಿಡಿಸಲಿಲ್ಲ.

ಕ್ಲಬ್ ಆರಿಸುವ ವಿಷಯದಲ್ಲಿ ಸಲಹೆಗೆ ಬರವಿಲ್ಲ. ಹುಲ್ಲು ನೋಡಿ ಸೇರು ಎಂದ ಒಬ್ಬ ಗೆಳೆಯ. ಜನ ನೋಡಿ ಸೇರು ಎಂದ ಇನ್ನೊಬ್ಬ. ಮೂರನೆಯವನು ಸಿವಿಲ್ ಇಂಜಿನಿಯರು. ಪಾರ್ಕಿಂಗ್ ನೋಡಿ ಸೇರು ಎಂದ. ಮೂವರೂ ತಂತಮ್ಮ ಕ್ಲಬ್ಬುಗಳನ್ನು ಬಯ್ಯುತ್ತಲೇ ಅಲ್ಲಿ ಮುದುಕರಾದವರು. ಹಾಗಾಗಿ ಅವರ ಮಾತಿನಲ್ಲಿ ಅನುಭವವಿತ್ತು, ಉಪಯೋಗವಿರಲಿಲ್ಲ.

ಈ ಆಟಕ್ಕೆ ಕ್ಲಬ್ಬೆಂಬ ಬೇಲಿ ಇರಲೇಬೇಕೆಂದೇನೂ ಇಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಗಾಲ್ಫಿನ ತವರು. 1764ರಲ್ಲಿ 22 ಗುಳಿಗಳ ಸುತ್ತನ್ನು 18ಕ್ಕೆ ಇಳಿಸಿದ್ದು ಅಲ್ಲೇ. ಲೋಕವೆಲ್ಲ ಇಂದಿಗೂ ಆ ಲೆಕ್ಕವನ್ನೇ ಪಾಲಿಸುತ್ತಿದೆ. ಅಲ್ಲಿನ ಓಲ್ಡ್ ಕೋರ್ಸ್ ಯಾವ ಕ್ಲಬ್ಬಿನ ಆಸ್ತಿಯೂ ಅಲ್ಲ, ಊರಿನದು. ಸುತ್ತಲಿನ ಕ್ಲಬ್ಬುಗಳವರೆಲ್ಲ ಬಂದು ಆಡಿ ಹೋಗುತ್ತಾರೆ. ಭಾನುವಾರ ಸಾಮಾನ್ಯವಾಗಿ ಆಟಕ್ಕೆ ರಜೆ. ಅಂದು ಊರವರು ನಾಯಿ ಹಿಡಿದುಕೊಂಡು ಆ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ. ಇಂಥ ಆಟ ಹಡಗು ಹತ್ತಿ ನಮ್ಮಲ್ಲಿಗೆ ಬಂದಾಗ ಅದರ ಜೊತೆ ಕಾಂಪೌಂಡು, ಗೇಟು, ಗೇಟಿಗೊಬ್ಬ ಪೇದೆ ಎಲ್ಲ ಸೇರಿಕೊಂಡವು. 1829ರಲ್ಲಿ ಕಲ್ಕತ್ತದಲ್ಲಿ ಕ್ಲಬ್ ಶುರುವಾಯಿತು, 1876ರಲ್ಲಿ ಬೆಂಗಳೂರಿನಲ್ಲಿ. ಕಟ್ಟಿದವರೆಲ್ಲ ವರ್ಗವಾಗಿ ಬಂದವರು. ಇವತ್ತು ಇಲ್ಲಿ, ಮುಂದಿನ ವರ್ಷ ರಂಗೂನಿನಲ್ಲೋ ಪೇಶಾವರದಲ್ಲೋ ಇರಬೇಕಾದ ದೊರೆಗೆ ಹೋದಲ್ಲೆಲ್ಲ ಅದೇ ಹುಲ್ಲು, ಅದೇ ಹರಟೆ, ಅದೇ ಸೋಡಾ ಸಿಗಬೇಕಿತ್ತು. ಹೊಸ ಊರಿಗೆ ಬಂದು ಕ್ಲಬ್ ಹುಡುಕುವ ನಾನು ಹೊಸದೇನನ್ನೂ ಮಾಡುತ್ತಿಲ್ಲ. ಅವನ ಹಳೆಯ ಚಡಪಡಿಕೆಯನ್ನೇ ಮುಂದುವರಿಸುತ್ತಿದ್ದೇನೆ, ಪಿಂಚಣಿ ಮಾತ್ರ ಕಡಿಮೆ.

ಮಲೆನಾಡಿನ ಕಡೆ ಈ ಚಡಪಡಿಕೆಗೆ ಇನ್ನೊಂದು ರೂಪವಿದೆ. ಮಡಿಕೇರಿ, ಚಿಕ್ಕಮಗಳೂರುಗಳ ಗಾಲ್ಫ್ ಮೈದಾನಗಳು ಕಾಫಿ ತೋಟದವರ ಸೀಮೆಯಲ್ಲಿವೆ. ವಾರವಿಡೀ ಸಿಲ್ವರ್ ಓಕ್ ಮರಗಳನ್ನೂ ಮೆಣಸಿನ ಬಳ್ಳಿಗಳನ್ನೂ ನೋಡಿ ಬೇಸತ್ತ ಪ್ಲಾಂಟರಿಗೆ ಕ್ಲಬ್ಬೆಂದರೆ ವಾರಕ್ಕೊಮ್ಮೆ ಸಿಗುವ ಪೇಟೆ. ಅಲ್ಲಿ ಹೋಗಿ ನೆಲೆಸೋಣವೇ ಎಂದು ನಾನೂ ಒಮ್ಮೆ ಯೋಚಿಸಿದ್ದುಂಟು. ಆದರೆ ಮುಂಗಾರು ಹಿಡಿದರೆ ಬಿಡದ ಊರುಗಳವು. ಚೆಂಡು ಹುಡುಕಲು ಹುಲ್ಲಿಗೆ ಕಾಲಿಟ್ಟರೆ ಚೆಂಡು ಸಿಗುವ ಮೊದಲು ಜಿಗಣೆಗೆ ನಾವು ಸಿಗುತ್ತೇವೆ. ನಾನು ಹುಲ್ಲಿನೊಳಗೆ ಚೆಂಡು ಹುಡುಕುತ್ತ ಕಳೆಯುವ ಹೊತ್ತನ್ನು ಲೆಕ್ಕ ಹಾಕಿದ ಹೆಂಡತಿ, "ಅಲ್ಲಿ ನಿಮ್ಮ ಮೈಯಲ್ಲಿ ರಕ್ತ ಉಳಿಯಲ್ಲ" ಎಂದು ತೀರ್ಪು ಕೊಟ್ಟಳು.

ಬೆಂಗಳೂರಿನಲ್ಲೇ ಇದ್ದುಬಿಡಬಹುದಿತ್ತು. ಆದರೆ ಅಲ್ಲಿ ಗಾಲ್ಫ್ ಆಡುವುದಕ್ಕಿಂತ ಗಾಲ್ಫ್ ಆಡಲು ಹೋಗುವುದು ಕಷ್ಟ. ಹದಿನೆಂಟು ಗುಳಿಗಳ ಆಟಕ್ಕೆ ನಾಲ್ಕು ಗಂಟೆ ಬೇಕು. ಹೋಗಿ ಬರಲು ಅಷ್ಟೇ ಹೊತ್ತು ಹಿಡಿದರೆ ಅದು ಆಟವಾಗುವುದಿಲ್ಲ, ನೌಕರಿಯಾಗುತ್ತದೆ. ಅಲ್ಲಿನ ಚಲ್ಲಘಟ್ಟದ ಮೈದಾನ ಒಂದು ಕಾಲಕ್ಕೆ ಕೆರೆಯಾಗಿತ್ತು. ಬೆಂಗಳೂರಿನ ಎಷ್ಟೋ ಕೆರೆಗಳು ಬಸ್ ನಿಲ್ದಾಣ, ಸ್ಟೇಡಿಯಂ, ಲೇಔಟುಗಳಾದವು. ಇದು ಗಾಲ್ಫ್ ಮೈದಾನವಾಯಿತು. ಈಗ ಅಲ್ಲಿ ಆಟ ಕಠಿಣವಾಗಲೆಂದು ಅಲ್ಲಲ್ಲಿ ಹೊಂಡ ಉಳಿಸಿಕೊಂಡಿದ್ದಾರೆ. ಮೊದಲು ಕೆರೆ ತೆಗೆದು ಆಮೇಲೆ ನೀರಿಗೆ ಬೆಲೆ ಕಟ್ಟುವುದು ಬೆಂಗಳೂರಿನ ರೂಢಿಯೇ ಇರಬೇಕು.

ಹಾಗೆಂದು ಆ ಮೈದಾನದ ಬಗ್ಗೆ ಹಗುರವಾಗಿ ಮಾತಾಡುವಂತಿಲ್ಲ. ಕ್ಲಬ್ಬನ್ನು ಹೇಗೆ ಆರಿಸಬೇಕೆಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಅಲ್ಲಿಯದೇ. ಅದಿತಿ ಅಶೋಕ್ ಅವರ ಮನೆಯವರು ತಿಂಡಿಗೆಂದು ಹೋಗುತ್ತಿದ್ದ ಹೋಟೆಲಿನಿಂದ ಗಾಲ್ಫ್ ಮೈದಾನ ಕಾಣುತ್ತಿತ್ತಂತೆ. ಅದೇನು ನೋಡಿಬರೋಣ ಎಂದು ಒಳಗೆ ಹೋದರು. ಆಗ ಹುಡುಗಿಗೆ 5 ವರ್ಷ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಆಕೆ ತಾಯಿಯ ಹೆಗಲಿಗೆ ಚೀಲ ಕೊಟ್ಟು ಆಡಿ ಕೂದಲೆಳೆಯಲ್ಲಿ ಪದಕ ತಪ್ಪಿ ನಾಲ್ಕನೆಯವರಾದಾಗ, ಬರ್ಡಿಗೂ ಬೋಗಿಗೂ ವ್ಯತ್ಯಾಸ ಗೊತ್ತಿಲ್ಲದ ನಮ್ಮ ಅತ್ತಿಗೆ ಕೂಡ ಬೆಳಬೆಳಗ್ಗೆ ಟಿವಿ ಮುಂದೆ ಕೂತು "ಅಯ್ಯೋ, ಗುಳಿ ಪಕ್ಕದಲ್ಲೇ ಹೋಯ್ತಲ್ಲೋ" ಎಂದು ಕೈ ಹಿಸುಕಿಕೊಂಡಿದ್ದರು. ನಿಯಮಾವಳಿ ಓದದೆ, ಫೀಸು ವಿಚಾರಿಸದೆ, ಬರೀ ತಿಂಡಿಯ ದೆಸೆಯಿಂದ ಆದ ಆಯ್ಕೆ ಅದು. ಬಿಡದಿ ಹತ್ತಿರದ ಹಳ್ಳಿಯ ಚಿಕ್ಕರಂಗಪ್ಪ ಅವರಿಗೆ ಅಷ್ಟು ಆಯ್ಕೆಯೂ ಇರಲಿಲ್ಲ. ಅವರ ಊರ ಪಕ್ಕಕ್ಕೆ ಮೈದಾನವೇ ಬಂದು ಕೂತಿತು. ಅಲ್ಲಿ ಆಟ ಕಲಿತು ಅವರು ದೇಶದ ವೃತ್ತಿಪರ ಸರಣಿಯಲ್ಲಿ ಪ್ರಶಸ್ತಿಗಳನ್ನು ಗೆದ್ದರು. ಪ್ರತಿಭೆ ಇರುವವರು ಕ್ಲಬ್ ಆರಿಸಲು ತಲೆ ಕೆಡಿಸಿಕೊಳ್ಳುವುದಿಲ್ಲ. ಆರಿಸುವ ಕಷ್ಟವೆಲ್ಲ ನಮ್ಮಂಥವರದು.

ಮೈಸೂರಿನಲ್ಲಿ ಆರಿಸಲು ಬಹಳವೇನಿಲ್ಲ. ರೇಸ್‌ಕೋರ್ಸಿನ ಅಂಗಳದಲ್ಲೇ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ, ಎದುರಿಗೆ ಚಾಮುಂಡಿ ಬೆಟ್ಟ. ಒಂದೇ ಆವರಣದಲ್ಲಿ ಓಡುವ ಕುದುರೆಗಳೂ ಓಡಲಾರದ ನಾವೂ. ಅದಲ್ಲದೆ ಸ್ವಲ್ಪ ದೂರ ಕಾರು ಓಡಿಸಿದರೆ ರೆಸಾರ್ಟುಗಳವರ ಹೊಸ ಮೈದಾನಗಳು. ಅಲ್ಲಿ ಹುಲ್ಲಿಗಿಂತ ವಿಲ್ಲಾ ಮಾರುವ ಉತ್ಸಾಹ ಹೆಚ್ಚು. ಪರಿಚಯದ ಕರ್ನಲ್ ಒಬ್ಬರು ತಮ್ಮ ಕಡೆಯ ಮೈದಾನದಲ್ಲಿ ಒಂದು ದಿನ ಆಡಿಸುವುದಾಗಿ ಹೇಳಿದರು. ಸೇನೆಯವರ ಗಾಲ್ಫ್ ಮೈದಾನಗಳ ಬೋರ್ಡಿನ ಮೇಲೆ ಗಾಲ್ಫ್ ಎಂದು ಬರೆದಿರುವುದು ಅಪರೂಪ. ಪರಿಸರ ಉದ್ಯಾನ ಮತ್ತು ತರಬೇತಿ ಪ್ರದೇಶ ಎಂದಿರುತ್ತದೆ. ನಾನು ಆಡುವಾಗ ಚೆಂಡು ಹೆಚ್ಚಾಗಿ ಪರಿಸರದಲ್ಲೇ ಇರುವುದರಿಂದ ಆ ಹೆಸರು ನನಗೆ ಒಪ್ಪುತ್ತದೆ. ನೀರಿಗೆ ತತ್ವಾರವಿರುವ ಊರುಗಳಲ್ಲಿ ಗುಳಿಯ ಸುತ್ತ ಹಸಿರು ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳು ಹಾಸಿರುತ್ತಾರೆ. ಅಂಥ ಕಡೆ ಆಡಿದವರು ವಿನಯ ಕಲಿತಿರುತ್ತಾರೆ, ಅವರ ಷೂಸು ಮಾತ್ರ ಮನೆಯೊಳಗೆ ಬರುವಂತಿಲ್ಲ.

ಇಷ್ಟೆಲ್ಲ ನೋಡುವಾಗ ನಾವು ಮರೆಯುವ ಸಂಗತಿಯೆಂದರೆ, ಕ್ಲಬ್ಬೂ ನಮ್ಮನ್ನು ನೋಡುತ್ತಿರುತ್ತದೆ. ಹೆಣ್ಣು ನೋಡಲು ಹೋದ ಗಂಡು ತಾನೇ ಪರೀಕ್ಷಕ ಅಂದುಕೊಂಡಿರುತ್ತಾನೆ. ಒಳಮನೆಯ ಬಾಗಿಲ ಸಂದಿನಿಂದ ಅಜ್ಜಿ ಅವನ ಕಾಲ್ಬೆರಳಿನ ಉಗುರನ್ನು ನೋಡಿ ಆಗಲೇ ತೀರ್ಮಾನ ಮಾಡಿರುತ್ತಾಳೆ. ಅರ್ಜಿಗೆ ಸೂಚಕರೊಬ್ಬರು, ಅನುಮೋದಕರೊಬ್ಬರು ಸಹಿ ಹಾಕಬೇಕು. ಹೊಸ ಊರಿಗೆ ಬಂದವನಿಗೆ ಅಲ್ಲಿ ಯಾರೂ ಗೊತ್ತಿರುವುದಿಲ್ಲ; ಗೊತ್ತಾಗಲೆಂದೇ ಕ್ಲಬ್ ಸೇರಬೇಕು; ಸೇರಲು ಯಾರಾದರೂ ಗೊತ್ತಿರಬೇಕು. ಈ ಸುಳಿಯನ್ನು ದಾಟಿದರೆ ನಮ್ಮ ಫೋಟೊ ನೋಟೀಸು ಬೋರ್ಡಿಗೆ ಏರುತ್ತದೆ, ಆಕ್ಷೇಪಣೆ ಇದ್ದವರು ಹೇಳಲಿ ಎಂದು. ಹಿಂದಿನ ಕಾಲದಲ್ಲಿ ಸದಸ್ಯರು ಪೆಟ್ಟಿಗೆಯೊಳಗೆ ಗುಟ್ಟಾಗಿ ಬಿಳಿ ಗುಂಡು ಅಥವಾ ಕಪ್ಪು ಗುಂಡು ಹಾಕುತ್ತಿದ್ದರು. ಕಪ್ಪು ಬಿದ್ದರೆ ಮುಗಿಯಿತು, ಹಾಕಿದವರಾರೆಂದೂ ತಿಳಿಯದು, ಏಕೆಂದೂ ತಿಳಿಯದು. ಈಗ ಸಮಿತಿಯವರು ಕರೆದು ಕಾಫಿ ಕೊಟ್ಟು ಮಾತಾಡಿಸುತ್ತಾರೆ. ಭಯ ಅಷ್ಟೇ, ಜೊತೆಗೆ ಬಿಸ್ಕತ್ತು.

ಉಡುಪಿನ ನಿಯಮ ಬೇರೆ. ಕಾಲರಿಲ್ಲದ ಅಂಗಿ ಕೂಡದು, ಜೀನ್ಸ್ ಕೂಡದು, ಚಪ್ಪಲಿ ಕೂಡದು. ಪಂಚೆಯ ಮಾತಂತೂ ಎತ್ತುವ ಹಾಗಿಲ್ಲ. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ಪಂಚೆ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಬಾಗಿಲಲ್ಲಿ ತಡೆದಾಗ ತಮಿಳುನಾಡು ಸರ್ಕಾರ ಅಂಥ ತಡೆಯ ವಿರುದ್ಧ ಕಾನೂನನ್ನೇ ತಂದಿತು. "ಹೆಂಗಸರಿಗೆ ಏನು ನಿಯಮ?" ಎಂದು ಕೇಳಿದಳು ಹೆಂಡತಿ. ಸೇಂಟ್ ಆಂಡ್ರೂಸಿನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬಿನ ಕತೆ ಹೇಳಿದೆ. 1754ರಲ್ಲಿ ಹುಟ್ಟಿದ್ದು, ಹೆಂಗಸರೂ ಸದಸ್ಯರಾಗಬಹುದೆಂದು ಮತ ಹಾಕಿ ಒಪ್ಪಿದ್ದು 2014ರಲ್ಲಿ.

"ಇನ್ನೂರ ಅರವತ್ತು ವರ್ಷ ಯೋಚನೆ ಮಾಡಿದರಾ?"

"ಸಮಿತಿ ಅಂದಮೇಲೆ ಹಾಗೇ."

"ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೂ ಅವರೇ ಇದ್ದರೇನೋ" ಎಂದು ಒಳಗೆ ಹೋದಳು.

ಅರ್ಜಿಯಲ್ಲಿ ನನಗೆ ಬಹಳ ಇಷ್ಟವಾದ ಖಾನೆ ಒಂದಿದೆ: ಹ್ಯಾಂಡಿಕ್ಯಾಪ್. ನಿವೃತ್ತನ ಬಳಿ ಇರುವ ಕಾಗದಗಳೆಲ್ಲ ಅವನು ಎಷ್ಟು ದೊಡ್ಡವನಾಗಿದ್ದ ಎಂದೇ ಸಾರುತ್ತವೆ. ಮಾನಪತ್ರ, ಶಾಲು ಹೊದ್ದ ಫೋಟೊ, ಹಳೆಯ ವಿಸಿಟಿಂಗ್ ಕಾರ್ಡು. ಹೊಸ ಊರಿನಲ್ಲಿ ಇವು ಯಾವುವೂ ಚಲಾವಣೆಯಾಗುವುದಿಲ್ಲ. ಗಾಲ್ಫಿನವನ ಬಳಿ ಮಾತ್ರ ತಾನು ಎಷ್ಟು ಕೆಟ್ಟವನು ಎಂಬುದಕ್ಕೆ ಅಧಿಕೃತ ದಾಖಲೆ ಇರುತ್ತದೆ, ಅದು ಎಲ್ಲ ಕಡೆ ನಡೆಯುತ್ತದೆ. ನನ್ನದು 24. ಅಂದರೆ ನುರಿತವರು 72 ಹೊಡೆತಗಳಲ್ಲಿ ಮುಗಿಸುವ ಮೈದಾನದಲ್ಲಿ ನನಗೆ ಸುಮಾರು 96 ಬೇಕು. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಕೊನೆಯ 20 ಆಟಗಳಲ್ಲಿ ಚೆನ್ನಾಗಿ ಆಡಿದ 8ನ್ನು ಮಾತ್ರ ಹೆಕ್ಕಿ ಸರಾಸರಿ ತೆಗೆಯುತ್ತದೆ. ನಮ್ಮ ಕೆಟ್ಟತನವನ್ನು ನಮ್ಮ ಒಳ್ಳೆಯ ದಿನಗಳಿಂದ ಅಳೆಯುವಷ್ಟು ಔದಾರ್ಯ ನಾನು ಕೆಲಸ ಮಾಡಿದ ಕಚೇರಿಯಲ್ಲಿ ಇರಲಿಲ್ಲ.

ಇನ್ನೂ ಸೊಗಸಾದದ್ದು, ಊರಿಂದ ಊರಿಗೆ ಈ ಕೆಟ್ಟತನಕ್ಕೆ ವಿನಿಮಯ ದರವೂ ಇದೆ. ಪ್ರತಿ ಮೈದಾನದ ಕಷ್ಟಕ್ಕೆ 55ರಿಂದ 155ರೊಳಗೆ ಒಂದು ಅಂಕ ಕೊಡುತ್ತಾರೆ, ಅದಕ್ಕೆ ಸ್ಲೋಪ್ ಎಂದು ಹೆಸರು. ಸಾಧಾರಣ ಕಷ್ಟದ ಮೈದಾನದ್ದು 113. ಅಲ್ಲಿ 24 ಆಗಿರುವ ನಾನು, ಸ್ಲೋಪ್ 130 ಇರುವ ಕಡೆ ಹೋದರೆ ಸುಮಾರು 28 ಆಗುತ್ತೇನೆ. ಸುಲಭದ ಕಡೆ ಹೋದರೆ 21ಕ್ಕೆ ಇಳಿಯುತ್ತೇನೆ. ಊರು ಬದಲಿಸಿದವನಿಗೆ ಆಗುವುದೆಲ್ಲ ಇದರಲ್ಲಿದೆ. ಮನುಷ್ಯ ಅವನೇ, ನೆಲ ಬದಲಾದರೆ ಅವನಿಗೆ ಕೊಡಬೇಕಾದ ರಿಯಾಯಿತಿಯೂ ಬದಲಾಗುತ್ತದೆ. ಇದನ್ನು ಅರ್ಥ ಮಾಡಿಕೊಂಡು ಲೆಕ್ಕ ಬರೆದಿಟ್ಟಿರುವುದು ಗಾಲ್ಫಿನವರು ಮಾತ್ರ.

ಇಷ್ಟಾದರೂ ನಿಜವಾದ ಸಂದರ್ಶನ ಸಮಿತಿಯ ಕೋಣೆಯಲ್ಲಿ ನಡೆಯುವುದಿಲ್ಲ, ಕ್ಯಾಡಿಗಳ ಷೆಡ್ಡಿನಲ್ಲಿ ನಡೆಯುತ್ತದೆ. ಸಮಿತಿ ನಾನು ಯಾವ ಹುದ್ದೆಯಲ್ಲಿದ್ದೆ ಎಂದು ಕೇಳಿತು. ಕ್ಯಾಡಿ ಏನೂ ಕೇಳಲಿಲ್ಲ. ಅತಿಥಿಯಾಗಿ ಆಡಲು ಹೋದ ದಿನ ನನ್ನ ಚೀಲ ಹೆಗಲಿಗೇರಿಸಿಕೊಂಡ, ಮೊದಲ ಹೊಡೆತ ನೋಡಿದ, ಮರಗಳ ಕಡೆ ನಡೆಯತೊಡಗಿದ. ಚೆಂಡು ಇನ್ನೂ ಗಾಳಿಯಲ್ಲಿತ್ತು. ಎರಡನೆಯ ಗುಳಿಗೆ ಬರುವಷ್ಟರಲ್ಲಿ ನಾನು ಯಾವ ದೊಣ್ಣೆ ಕೇಳುತ್ತೇನೆ, ಯಾವುದನ್ನು ಕೊಡಬಾರದು ಎಂಬುದೆಲ್ಲ ಅವನಿಗೆ ಗೊತ್ತಾಗಿತ್ತು. "ಬೆಟ್ಟ ನೋಡ್ಕಂಡ್ ಹೊಡೀರಿ ಸಾರ್, ತಾಯಿ ನೋಡ್ಕತಾಳೆ" ಎಂದ. ಬೆಟ್ಟ ನೋಡಿಕೊಂಡು ಹೊಡೆದೆ. ಚೆಂಡು ರೇಸ್‌ಕೋರ್ಸಿನ ಕಡೆ ಹೋಯಿತು. "ಗಾಳಿ ಸಾರ್" ಎಂದ. ಅಂದು ಎಲೆ ಅಲುಗುತ್ತಿರಲಿಲ್ಲ. ಅಷ್ಟು ಗಂಭೀರವಾಗಿ ಸುಳ್ಳು ಹೇಳಬಲ್ಲವರು ಇರುವ ಕಡೆ ಬಾಳಬಹುದು ಎಂದು ನನಗೆ ಆಗಲೇ ಅನ್ನಿಸಿತು.

ಈಗ ಹೊಸದಾಗಿ ಊರಿಗೆ ಬಂದವರು ನನ್ನನ್ನೇ ಸಲಹೆ ಕೇಳುತ್ತಾರೆ. ಹುಲ್ಲು, ಜನ, ಪಾರ್ಕಿಂಗ್ ಯಾವುದನ್ನೂ ನಾನು ಹೇಳುವುದಿಲ್ಲ. ನೀರಿನ ಹೊಂಡವಿರುವ ಯಾವುದಾದರೂ ಗುಳಿಯ ಪಕ್ಕ ಒಂದು ಬೆಳಗ್ಗೆ ಸುಮ್ಮನೆ ಕೂತಿರಿ ಎನ್ನುತ್ತೇನೆ. ಯಾರದಾದರೂ ಚೆಂಡು ನೀರಿಗೆ ಬಿದ್ದೇ ಬೀಳುತ್ತದೆ. ಆಗ ಜೊತೆಯವರನ್ನು ಗಮನಿಸಿ. ಹೊಡೆದವನು ನಗುವವರೆಗೆ ಕಾದು ಆಮೇಲೆ ನಕ್ಕರೆ ಆ ಸಂಜೆಯೇ ಅರ್ಜಿ ತುಂಬಿ. ಅವನಿಗಿಂತ ಮೊದಲು ನಕ್ಕರೆ ಬೇರೆ ಕ್ಲಬ್ ನೋಡಿ. ಯಾರೂ ನಗದಿದ್ದರೆ ಅಲ್ಲಿ ದುಡ್ಡು ಕಟ್ಟಿ ಆಡುತ್ತಿದ್ದಾರೆಂದು ಅರ್ಥ, ಬೇಗ ಎದ್ದು ಬನ್ನಿ. ನಾಲ್ಕನೆಯವರು ಬಂದಿಲ್ಲವೆಂದು ನಿಮ್ಮನ್ನೇ ಕರೆದಾರು.