ಗತರುಚಿ ಮೀಮಾಂಸೆ

ಬೆಂಗಳೂರಿನ ತಿಂಡಿ ತೀರ್ಥಗಳನ್ನು ಕೊಂಡಾಡುವ ಪುಸ್ತಕಗಳನ್ನು ಅಂಗಡಿಯವರು ಅಡುಗೆಯ ಕಪಾಟಿನಲ್ಲಿಡುತ್ತಾರೆ. ಇದು ಶಾಸ್ತ್ರವಿರುದ್ಧ. ಅವುಗಳಲ್ಲಿರುವುದು ಅಡುಗೆಯಲ್ಲ, ಶೋಕ. ಅವು ಚರಮಗೀತೆಗಳ ಸಾಲಿಗೆ ಸೇರತಕ್ಕವು ಎಂಬುದೇ ಪ್ರಕೃತ ಪ್ರಬಂಧದ ಪ್ರತಿಜ್ಞೆ.

ಮೊದಲು ಪೂರ್ವಸೂರಿಗಳ ಸ್ಮರಣೆ. ಹನ್ನೊಂದನೆಯ ಶತಮಾನದ ಚಾವುಂಡರಾಯ 'ಲೋಕೋಪಕಾರ'ದಲ್ಲಿ ಮಳೆಯ ಲಕ್ಷಣ, ಬಾವಿಯ ನೀರಿನ ಜತೆಗೇ ಪಾಕವನ್ನೂ ಹೇಳಿದ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಗೆ ಇಳಿಸಿದ. ಇಬ್ಬರೂ ಮಾಡುವ ಕ್ರಮ ತಿಳಿಸಿದರೇ ಹೊರತು, ಎಷ್ಟು ಗಂಟೆಗೆ ಹೋದರೆ ಟೇಬಲ್ ಸಿಗುತ್ತದೆ, ಸ್ಕೂಟರ್ ಎಲ್ಲಿ ನಿಲ್ಲಿಸಬೇಕು ಎಂದು ಒಂದಕ್ಷರ ಬರೆಯಲಿಲ್ಲ. ಆಧುನಿಕರು ಈ ಕೊರತೆ ತುಂಬಿದ್ದಾರೆ; ಮಾಡುವ ಕ್ರಮವನ್ನು ಕೈಬಿಟ್ಟಿದ್ದಾರೆ.

ಇನ್ನು ಸೂತ್ರ: "ಮೊದಲಿನ ರುಚಿ ಈಗಿಲ್ಲ." ತಿಂಡಿಗ್ರಂಥಗಳೆಲ್ಲ ಇದಕ್ಕೆ ಬರೆದ ಭಾಷ್ಯಗಳು. ಒಂದೇ ಟೇಬಲಿನಲ್ಲಿ ಮೂರು ತಲೆಮಾರು ಕೂತಿದೆಯೆನ್ನಿ. ರುಚಿ ಕೆಟ್ಟಿದ್ದು ಮೊಮ್ಮಗನ ಪ್ರಕಾರ ಮೆಟ್ರೋ ಬಂದ ಮೇಲೆ, ಮಗನ ಪ್ರಕಾರ ಸಾಫ್ಟ್‌ವೇರಿನವರು ಬಂದ ಮೇಲೆ, ತಾತನ ಪ್ರಕಾರ ಆಣೆ ಹೋಗಿ ನಯಾಪೈಸೆ ಬಂದ ಮೇಲೆ. ಮೂವರ ತಟ್ಟೆಯೂ ಖಾಲಿ. ಈ ಇಳಿಜಾರನ್ನು ಹಿಂದಕ್ಕೆ ಹತ್ತುತ್ತ ಹೋದರೆ, ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಶುರುವಾದ 1943ರ ಮಸಾಲೆ ದೋಸೆಯನ್ನು ಮನುಷ್ಯಮಾತ್ರದ ನಾಲಿಗೆ ತಡೆದುಕೊಂಡಿರಲಾರದು. ಆದರೆ ಆಗಲೂ ತಾತನ ಅಮ್ಮ ಇದ್ದರಷ್ಟೆ: "ಹೋಟ್ಲಲ್ಲಿ ಏನಿರತ್ತೋ, ಮನೇಲಿ ಹುಯ್ಕೊಡ್ತೀನಿ ಬಾ." ಇದನ್ನೇ ತಾರ್ಕಿಕರು ಅನವಸ್ಥಾ ದೋಷ ಎನ್ನುವುದು.

ಸಿದ್ಧಾಂತಕ್ಕೆ ದೊಡ್ಡ ಕಂಟಕ ರವೆ ಇಡ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಎನ್ನುತ್ತಾರೆ ಎಂ.ಟಿ.ಆರ್.ನವರು. ಹಾಗಾದರೆ ಇಲ್ಲಿ ಮೊದಲಿನ ರುಚಿಯೇ ಗತ್ಯಂತರವಿಲ್ಲದ ರುಚಿ! ಗ್ರಂಥಕಾರರು ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದೇ ಹೋಟೆಲಿನ ಬೆಳ್ಳಿ ಲೋಟದ ಕಾಫಿಗೆ ಹಾರುತ್ತಾರೆ.

ಅಭಾವವೂ ಒಂದು ಪದಾರ್ಥವೆಂದು ವೈಶೇಷಿಕರು ಒಪ್ಪುತ್ತಾರೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇದಕ್ಕೆ ನಿದರ್ಶನ. ಅಲ್ಲಿ ಇಡ್ಲಿ-ವಡೆಗೆ ಚಟ್ನಿ ಮಾತ್ರ, ಸಾಂಬಾರ್ ಇಲ್ಲ. ಇಲ್ಲದ ಸಾಂಬಾರಿನ ಬಗ್ಗೆ ಬಂದಷ್ಟು ಗದ್ಯ ಇರುವ ಸಾಂಬಾರುಗಳ ಬಗ್ಗೆ ಬಂದಿಲ್ಲ. ಮೊದಲಿನ ರುಚಿ ಇಲ್ಲವೆಂಬ ದೂರು ತಟ್ಟದ ಸಾಂಬಾರು ಇದೊಂದೇ, ಪಾಪ.

ಆಕ್ಷೇಪ: ಎದುರಿಗೇ ದೋಸೆಯಿರುವಾಗ, ಪ್ರತ್ಯಕ್ಷ ಪ್ರಮಾಣವಿರುವಾಗ ಪುಸ್ತಕವೇಕೆ? ಸಮಾಧಾನ: ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಅವತ್ತು ಶಬ್ದಪ್ರಮಾಣವೇ ಗತಿ.