ಗೋಟೂ ರಾಯರು

ದಿನಸಿ ಚೀಟಿಯಲ್ಲಿ ತೊಗರಿಬೇಳೆಗೆ 10, ಬೆಲ್ಲಕ್ಕೆ 20, ಹುಣಿಸೆಹಣ್ಣಿಗೆ 30 ಎಂದು ಕ್ರಮಾಂಕ ಕೊಟ್ಟು ಬರೆಯುವ ಗೃಹಸ್ಥರೊಬ್ಬರನ್ನು ತಾವು ಅಂಗಡಿಯ ಮುಂದೆ ಕಂಡಿರಾದರೆ, ಅವರನ್ನು ಲೆಕ್ಕ ತಪ್ಪಿದವರೆಂದು ಭಾವಿಸದೆ ಕೈಮುಗಿದು ಮುಂದೆ ಸಾಗಬೇಕಾಗಿ ಪ್ರಾರ್ಥನೆ; ಅವರು ನನ್ನ ಷಡ್ಡಕರು. ಒಂದು, ಎರಡು, ಮೂರು ಎಂದು ಬರೆದರೆ ನಡುವೆ ಏನನ್ನಾದರೂ ಸೇರಿಸಬೇಕಾದಾಗ ಚೀಟಿಯನ್ನೇ ಹರಿದು ಹೊಸದಾಗಿ ಬರೆಯಬೇಕಾಗುವುದೆಂದೂ, ಹತ್ತು ಹತ್ತರ ಅಂತರವಿಟ್ಟಲ್ಲಿ ಮರೆತ ಕೊತ್ತಂಬರಿಸೊಪ್ಪು 15ನೆಯ ಸಾಲಿನಲ್ಲಿ ಸುಖವಾಗಿ ಕುಳಿತುಕೊಳ್ಳುವುದೆಂದೂ ಅವರ ಸಿದ್ಧಾಂತ. ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಮು ಬರೆದು ಬೆರಳು ಸವೆಸಿದ ಆ ಕಾಲದವರೆಲ್ಲರ ಸಿದ್ಧಾಂತವೂ ಇದೇ. ಒಮ್ಮೆ ನನ್ನ ಅತ್ತಿಗೆಯವರು ಬೇಸತ್ತು ಚೀಟಿಯ ತುದಿಯಲ್ಲಿ ‘70 ಗೋಟೂ 10’, ಅಂದರೆ ಬೇಸಿಕ್ಕಿನಲ್ಲಿ ‘ಮರಳಿ 10ನೆಯ ಸಾಲಿಗೆ ಹೋಗು’, ಎಂದು ಗೀಚಿಕೊಟ್ಟರು. ರಾಯರು ನಗಲಿಲ್ಲ. “ಇದು ಎಂದಿಗೂ ಮುಗಿಯದಲ್ಲೇ, ನಿಲ್ಲುವುದಕ್ಕೆ ಒಂದು ಷರತ್ತು ಬೇಡವೆ?” ಎಂದು ಕನ್ನಡಕ ಏರಿಸಿ, 65ನೆಯ ಸಾಲಿನಲ್ಲಿ ಆ ಷರತ್ತನ್ನು ತಾವೇ ಸೇರಿಸಿ, ಚೀಲ ಹಿಡಿದು ಹೊರಟರು. ಅಂದಿನಿಂದ ಬಂಧುವರ್ಗದಲ್ಲಿ ಅವರು ಗೋಟೂ ರಾಯರು.

ಬೇಸಿಕ್ಕಿನ ಜನ್ಮವೃತ್ತಾಂತವನ್ನು ಅವರು ಜಯಂತಿಯ ಭಾಷಣದ ಶ್ರದ್ಧೆಯಿಂದ ಹೇಳಬಲ್ಲರು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ, ಕರ್ಟ್ಸ್ ಎಂಬ ಇಬ್ಬರು ಗಣಿತದ ಪ್ರಾಧ್ಯಾಪಕರು, ವಿಜ್ಞಾನ ಓದದ ಹುಡುಗರಿಗೂ ಯಂತ್ರದೊಡನೆ ಮಾತಾಡುವ ಭಾಗ್ಯ ದೊರೆಯಲೆಂದು ನಿರ್ಮಿಸಿದ ಈ ಭಾಷೆ, 1964ರ ಮೇ 1ರಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಮೊದಲ ಬಾರಿ ಓಡಿತು. “ಬ್ರಾಹ್ಮೀ ಮುಹೂರ್ತ!” ಎಂದು ರಾಯರು ಇಲ್ಲಿ ತೋರುಬೆರಳನ್ನು ಎತ್ತುವರು. ಪಂಚಾಂಗದ ಪ್ರಕಾರ ಮುಹೂರ್ತಕ್ಕೆ ಇನ್ನೂ ಕೆಲವು ನಿಮಿಷ ಬಾಕಿಯಿರುತ್ತದೆಂದು ನಾನು ಒಮ್ಮೆ ಹೇಳಿ, ಆ ದಿನದ ಎರಡನೆಯ ಕಾಫಿಯನ್ನು ಕಳೆದುಕೊಂಡೆ.

ರಾಯರಿಗೆ ಈ ಭಾಷೆಯ ಉಪದೇಶವಾದುದು ಎಂಟನೆಯ ತರಗತಿಯಲ್ಲಿ. ಕೇಂದ್ರ ಸರ್ಕಾರವು 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯನ್ನು ಹೂಡಿ, ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಎಂಬ ಗಣಕಗಳನ್ನು ದೇಶದ ಕೆಲವು ಶಾಲೆಗಳಿಗೆ ಹಂಚಿತಷ್ಟೆ. ಅವುಗಳಲ್ಲಿ ಕೆಲವು ಇವರ ಶಾಲೆಯ ಪಾಲಿಗೂ ಬಂದವು. ಇಡೀ ಶಾಲೆಯಲ್ಲಿ ಫ್ಯಾನಿದ್ದದ್ದು ಹೆಡ್‌ಮಾಸ್ತರರ ಕೋಣೆಗೆ ಮಾತ್ರ. ಗಣಕದ ಕೋಣೆಗಾದರೋ ತಂಪುಯಂತ್ರ, ನೀಲಿ ಪರದೆ, ಎರಡು ಬೀಗ. ಚಪ್ಪಲಿಯನ್ನು ಹೊರಗೆ ಬಿಟ್ಟು, ಕಾಲೊರೆಸಿಕೊಂಡು, ಒಂದು ಯಂತ್ರಕ್ಕೆ ಐದು ಮಂದಿಯಂತೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಗಣಿತದ ಮೇಷ್ಟ್ರು ಹೊದಿಕೆ ತೆಗೆಯುವಾಗ ಮಂಗಳಾರತಿಯೊಂದು ಕಡಿಮೆ. ವಾರಕ್ಕೆ ತಲಾ ನಾಲ್ಕು ನಿಮಿಷ ಕೀಲಿಮಣೆ ಮುಟ್ಟುವ ಅವಕಾಶ. ಆ ನಾಲ್ಕು ನಿಮಿಷಕ್ಕಾಗಿ ಇವರು ವಾರವೆಲ್ಲ ಲೆಕ್ಕದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಪ್ರೋಗ್ರಾಮು ಬರೆದು, ತಾವೇ ಯಂತ್ರವಾಗಿ ಅದನ್ನು ಮನಸ್ಸಿನಲ್ಲಿ ಓಡಿಸಿ, ತಾವೇ ತಪ್ಪು ಹುಡುಕುತ್ತಿದ್ದರಂತೆ.

ಆ ಯಂತ್ರದಲ್ಲಿ ‘ಬ್ರೇಕ್’ ಎಂಬುದೊಂದು ಗುಂಡಿ; ಕೈತಪ್ಪಿ ಅದನ್ನು ಒತ್ತಿದರೆ ಬರೆದುದೆಲ್ಲ ಮಾಯ. ಆದರೆ ಒಡನೆಯೇ ‘ಓಲ್ಡ್’ ಎಂದು ಬೆರಳಚ್ಚಿಸಿದರೆ ಹೋದದ್ದು ಹಾಗೆಯೇ ಹಿಂದಿರುಗುವುದು. ನಡುವೆ ಗಾಬರಿಯಿಂದ ಬೇರೊಂದು ಸಾಲನ್ನು ಬರೆದಿರೋ, ಕೆಟ್ಟಿರಿ. ನಲವತ್ತು ವರ್ಷಗಳಿಂದ ಈ ತತ್ತ್ವವನ್ನು ಕಂಡಕಂಡವರಿಗೆ ಬೋಧಿಸುತ್ತ ಬಂದ ರಾಯರು ಅತ್ತಿಗೆಯವರೊಡನೆ ಮಾತಿಗೆ ಮಾತು ಬೆಳೆದಾಗ ಮಾತ್ರ ಒಮ್ಮೆಯೂ ‘ಓಲ್ಡ್’ ಎಂದವರಲ್ಲ. ಬೇರೊಂದು ಸಾಲನ್ನೇ ಬರೆದಿದ್ದಾರೆ.

ಗೋಟೂವನ್ನು ಕಂಡರಾಗದ ಡೈಕ್‌ಸ್ಟ್ರಾ ಎಂಬ ಡಚ್ಚರ ಪಂಡಿತರು, ಮೊದಲು ಬೇಸಿಕ್ ಕಲಿತವರಿಗೆ ಆಮೇಲೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಹೆಚ್ಚುಕಡಿಮೆ ಅಸಾಧ್ಯ, ಅವರ ಬುದ್ಧಿ ಸರಿಪಡಿಸಲಾಗದಂತೆ ಊನವಾಗಿರುತ್ತದೆ ಎಂಬರ್ಥದ ಮಾತನ್ನು 1975ರಲ್ಲಿಯೇ ಬರೆದಿಟ್ಟಿದ್ದಾರೆ. ಆಫೀಸಿನ ಹುಡುಗರು ಇದನ್ನು ಹುಡುಕಿ ತಂದು ತೋರಿಸಿದಾಗ ರಾಯರಿಗೆ ಉಂಟಾದದ್ದು ಪರಮಸಂತೋಷ. ಅಷ್ಟು ದೊಡ್ಡವರು ತಮ್ಮನ್ನು ಕುರಿತು ಒಂದು ವಾಕ್ಯ ಬರೆದರಲ್ಲ!

ಇಷ್ಟಾದರೂ ಭಾಷೆಯ ಮೇಲಿನ ಪ್ರೀತಿ ಅವರಲ್ಲಿ ಸಾಧಾರಣವಾದದ್ದು. ಹುಚ್ಚೆಂದು ಹೇಳತಕ್ಕದ್ದು ಇರುವುದು ಗುಹೆಯ ವಿಷಯದಲ್ಲಿ. ವಿಲ್ ಕ್ರೌದರ್ ಎಂಬ ಪ್ರೋಗ್ರಾಮರರು ತಾವು ಕೆಂಟಕಿ ಪ್ರಾಂತದ ಮ್ಯಾಮತ್ ಗುಹೆಗಳಲ್ಲಿ ತೆವಳಾಡಿದ ಅನುಭವವನ್ನು 1970ರ ದಶಕದ ನಡುವೆ ಒಂದು ಆಟವನ್ನಾಗಿ ಮಾಡಿದರು. 1977ರಲ್ಲಿ ಡಾನ್ ವುಡ್ಸ್ ಎಂಬವರು ಅದನ್ನು ವಿಸ್ತರಿಸಿದರು. ಚಿತ್ರವಿಲ್ಲ, ಬಣ್ಣವಿಲ್ಲ. ಯಂತ್ರವು ತಾವಿರುವ ಸ್ಥಳವನ್ನು ಕೆಲವೇ ವಾಕ್ಯಗಳಲ್ಲಿ ವರ್ಣಿಸುವುದು. ತಾವು ಎರಡು ಪದಗಳಲ್ಲಿ ಅಪ್ಪಣೆ ಕೊಡುವುದು. ಮೂರನೆಯ ಪದ ಅದಕ್ಕೆ ವರ್ಜ್ಯ. ಅಲ್ಲೊಂದು ಹಾವು ದಾರಿಗಡ್ಡ ಮಲಗಿದೆ. ಅದನ್ನು ಓಡಿಸಲು ಒಂದು ಹಕ್ಕಿ ಬೇಕು. ಹಕ್ಕಿಗೆ ಪಂಜರ ಬೇಕು. ಪಂಜರವೂ ಕೈಯಲ್ಲಿದೆ, ಆದರೆ ಹಕ್ಕಿ ಹತ್ತಿರ ಬರಲೊಲ್ಲದು. ರಾಯರು ಇಂಜಿನಿಯರಿಂಗಿನ ಎರಡು ಸೆಮಿಸ್ಟರುಗಳನ್ನು ಆ ಹಕ್ಕಿಯ ಮುಂದೆ ಕಳೆದರು. ಬೈದರು, ಬೇಡಿದರು, ಗಣಿತ ಮೂರರ ಪತ್ರಿಕೆಯಲ್ಲಿ ಫೇಲಾದರು. ಕಟ್ಟಕಡೆಗೆ ಹೊಳೆದದ್ದಿಷ್ಟು: ಹಕ್ಕಿ ಹೆದರುತ್ತಿದ್ದದ್ದು ಇವರ ಕೈಯಲ್ಲಿದ್ದ ಕೋಲಿಗೆ. ಕೋಲು ಕೆಳಗಿಟ್ಟರು, ಹಕ್ಕಿ ಕೈಗೆ ಬಂತು. ಮೂವತ್ತೈದು ವರ್ಷಗಳ ಮೇಲೆ ಇಂದಿಗೂ ಈ ಘಟ್ಟ ಬಂದಾಗ ಅವರ ಕಂಠ ಗದ್ಗದವಾಗುವುದು. ಮಗಳ ಜನನವನ್ನು ಅವರು ಇದಕ್ಕಿಂತ ಚಿಕ್ಕದಾಗಿ ಹೇಳುವರು.

ಅದೇ ಗುಹೆಯಲ್ಲಿ ಒಂದು ಮಹಾಸರ್ಪವಿದೆ, ಡ್ರ್ಯಾಗನ್ ಜಾತಿಯದು. ಕೊಲ್ಲು ಎಂದರೆ, ಬರಿಗೈಯಿಂದಲೋ ಎಂದು ಯಂತ್ರ ಕುಚೋದ್ಯಮಾಡುವುದು. ಕುಚೋದ್ಯವನ್ನು ಪ್ರಶ್ನೆಯೆಂದೇ ತಿಳಿದು ‘ಹೌದು’ ಎಂದರೆ ಸರ್ಪ ಸಾಯುವುದು! ಈ ವಿಜಯವು ರಾಯರ ಶೀಲದ ಮೇಲೆ ಮಾಡಿದ ಪರಿಣಾಮ ಶಾಶ್ವತವಾದದ್ದು. “ಹಾಲು ಉಕ್ಕಿಹೋಗಲಿ ಅಂತ ನೋಡ್ತಾ ನಿಂತಿದ್ದೀರಾ?” ಎಂದು ಅತ್ತಿಗೆಯವರು ಕೇಳಿದರೆ, ರಾಯರು ಕ್ಷಣಕಾಲ ವಿಚಾರಮಾಡಿ “ಹೌದು” ಎನ್ನುವರು.

ಇನ್ನು ಅವರ ಸ್ವಂತ ಕೃತಿಯ ಮಾತು. ಕನ್ನಡದಲ್ಲಿ ಇಂಥದೊಂದು ಗುಹೆ ಇರಬೇಕೆಂಬುದು ಅವರ ಆಜನ್ಮಸಂಕಲ್ಪ. ಕನ್ನಡದ ಅಕ್ಷರಗಳನ್ನು ಎಂಟಕ್ಕೆ ಎಂಟು ಚುಕ್ಕೆಗಳ ಮನೆಯಲ್ಲಿ ಕೂರಿಸಲು ಹೆಣಗಿ, ‘ಅ’ ಹೇಗೋ ಒಳಗಾದರೂ ‘ಷ್ಟ್ರ’ ಬಾಗಿಲಲ್ಲೇ ಸಿಕ್ಕಿಕೊಂಡ ಕಾರಣ, ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆಯುವುದೆಂದು ತೀರ್ಮಾನಿಸಿದರು. ವಿಭಕ್ತಿಗಳು ಎದುರಾದವು. ಆಡುವವನು ‘ದೀಪ ತೆಗೆ’ ಎನ್ನಬಹುದು, ‘ದೀಪವನ್ನು ತೆಗೆ’ ಎನ್ನಬಹುದು. ರಾಯರು ಜಾಣರು, ಪದದ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಉಳಿಸಿಕೊಂಡು, ಪ್ರಾಚೀನರಂತೆಯೇ ಬಾಲವನ್ನು ಕತ್ತರಿಸಿಬಿಟ್ಟರು. ಪರಿಣಾಮವಾಗಿ ಕತ್ತಿ, ಕತ್ತೆ, ಕತ್ತಲೆ ಮೂರೂ ಒಂದೇ ಪದಾರ್ಥವಾದವು. ನಾನು ರಾಕ್ಷಸನ ಮುಂದೆ ನಿಂತು ‘ಕತ್ತಿ ತೆಗೆ’ ಎಂದರೆ, ಕತ್ತೆ ಚೀಲದಲ್ಲಿ ಹಿಡಿಸುವುದಿಲ್ಲವೆಂದು ಯಂತ್ರ ನಿವೇದಿಸಿತು. ಹುಬ್ಬಳ್ಳಿಯಿಂದ ಬಂದ ಬೀಗರು ‘ಕೋಲು ಕೊಡ್ರಿ’ ಎಂದು ಮರ್ಯಾದೆಯಿಂದಲೇ ಕೇಳಿ, ‘ತಿಳಿಯಲಿಲ್ಲ’ ಎಂಬ ಉತ್ತರ ಪಡೆದು, “ನಿಮ್ಮ ಗಣಕಕ್ಕ ದೊಡ್ಡವರು ಸಣ್ಣವರು ಅನ್ನೂದು ಏನೂ ಇಲ್ಲೇನ್ರಿ?” ಎಂದು ನೊಂದುಕೊಂಡರು.

ಕಳೆದ ಯುಗಾದಿಯ ದಿನ ರಾಯರು ಇದನ್ನು ಮಗಳ ಲ್ಯಾಪ್‌ಟಾಪಿನೊಳಗೆ, ಹಳೆಯ ಯಂತ್ರದ ವೇಷ ಹಾಕುವ ತಂತ್ರಾಂಶವೊಂದರಲ್ಲಿ ಕೂರಿಸಿ, ನಮ್ಮೆಲ್ಲರ ಮುಂದೆ ತೆರೆದರು. ಏನು ಕೇಳಿದರೂ ಪುಟಗಟ್ಟಲೆ ಉತ್ತರ ಹೇಳುವ ಯಂತ್ರಗಳೊಡನೆ ಬೆಳೆದ ಮಗಳು, ‘ಈ ಹಕ್ಕಿ ಯಾಕೆ ಹತ್ತಿರ ಬರುತ್ತಿಲ್ಲ ಅಂತ ಸ್ವಲ್ಪ ವಿವರಿಸ್ತೀಯಾ’ ಎಂದು ಸವಿನಯವಾಗಿ ಬರೆದಳು. ತಿಳಿಯಲಿಲ್ಲ. ಇನ್ನೂ ವಿಸ್ತಾರವಾಗಿ ಬರೆದಳು. ತಿಳಿಯಲಿಲ್ಲ. “ಅಪ್ಪಾ, ಇದಕ್ಕೇನೂ ಬರಲ್ಲ” ಎಂದು ಎದ್ದುಹೋದಳು. ಪೇಪರ್ ಓದುತ್ತಿದ್ದಾಗ ಉದ್ದನೆಯ ಮಾತು ಹೇಳಿದರೆ ತಾವೂ ಹೀಗೆಯೇ ‘ಹೂಂ’ ಎಂದು ಮುಗಿಸುವವರೆಂಬುದು ರಾಯರಿಗೆ ನೆನಪಾಯಿತೋ ಇಲ್ಲವೋ, ಮುಖ ಸಣ್ಣದಾಯಿತು.

ಅಷ್ಟರಲ್ಲಿ ಅತ್ತಿಗೆಯವರು ಒಬ್ಬಟ್ಟಿನ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಆ ಕುರ್ಚಿಯ ತುದಿಯಲ್ಲಿ ಕುಳಿತರು. ಕೋಲು ಬಿಡು. ಹಕ್ಕಿ ಹಿಡಿ. ಕೆಳಗೆ ಹೋಗು. ಹಕ್ಕಿ ಬಿಡು. ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ತಿಳಿಯಲಿಲ್ಲವೆಂದು ಯಂತ್ರ ಒಮ್ಮೆಯೂ ಅನ್ನಲಿಲ್ಲ. ಹದಿನೈದು ನಿಮಿಷದಲ್ಲಿ ನಿಧಿ ಕೈಸೇರಿತು.

“ನಿನಗೆ ಹೇಗೆ ಗೊತ್ತಾಯಿತೇ?” ಎಂದು ರಾಯರು ದಿಙ್ಮೂಢರಾಗಿ ಕೇಳಿದರು. ಅತ್ತಿಗೆಯವರು ಉತ್ತರ ಕೊಡದೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ ಧ್ವನಿ ಕೇಳಿಸಿತು: “ಎಲೆ ಹಾಕಿ.”

ರಾಯರು ಎದ್ದು ಎಲೆ ಹಾಕಿದರು.