ಶೆಟ್ಟಿಹಳ್ಳಿಯ ಜಲವಾಸ್ತವ್ಯ ಮೀಮಾಂಸೆ

ಪುರಾತನ ಜಲಪಟ್ಟಣದ ಅತಿಥಿಗೃಹದಲ್ಲಿ ತಂಗುವ ಶಾಸ್ತ್ರ ತಮ್ಮದೇ ಸ್ವತ್ತೆಂದು ಚೀನೀಯರು ಭಾವಿಸಿದಂತಿದೆ. ವುಝೆನ್, ಝೌಝುವಾಂಗ್‌ಗಳಲ್ಲಿ ಕಾಲುವೆಯತ್ತ ತೆರೆಯುವ ಮರದ ಕಿಟಕಿ, ನೀರಿಗಿಳಿಯುವ ಕಲ್ಲುಮೆಟ್ಟಿಲು, ಸೂರಿಗೊಂದು ಕೆಂಪು ಲಾಂದ್ರ ಇದ್ದರೆ ಶಾಸ್ತ್ರ ಪೂರ್ಣವಾಯಿತು ಎಂಬುದು ಪೂರ್ವಪಕ್ಷ. ಹಾಸನ ಸೀಮೆಯ ಪಂಡಿತರು ಇದನ್ನು ಒಪ್ಪತಕ್ಕದ್ದಲ್ಲ. ಅಲ್ಲಿ ನೀರು ಕಿಟಕಿಯ ಕೆಳಗೇ ನಿಂತಿರಬೇಕು, ಒಳಕ್ಕೆ ಪ್ರವೇಶವಿಲ್ಲ. ನೀರನ್ನು ಹೊಸ್ತಿಲಾಚೆ ನಿಲ್ಲಿಸಿ ಮನುಷ್ಯರಿಗಷ್ಟೇ ಹಾಸಿಗೆ ಹಾಸುವ ಈ ಪಂಕ್ತಿಭೇದವನ್ನು ನಮ್ಮ ಶೆಟ್ಟಿಹಳ್ಳಿ, ಗೊರೂರಿನ ಅಣೆಕಟ್ಟು ಮುಗಿದ 1979ರಷ್ಟು ಹಿಂದೆಯೇ ತೊರೆಯಿತು.

ಮೊದಲು ಲಾಡ್ಜಿನ ರಿಜಿಸ್ಟರು ತುಂಬೋಣ. ಹೆಸರು: ಹೇಮಾವತಿ. ಸ್ವಂತ ಊರು: ಮೂಡಿಗೆರೆ ಸೀಮೆಯ ಬಲ್ಲಾಳರಾಯನದುರ್ಗದ ಆಸುಪಾಸು. ಎಲ್ಲಿಗೆ ಪ್ರಯಾಣ: ಕಾವೇರಿಗೆ. ತಂಗಲು ಕಾರಣ: ಗೊರೂರಿನಲ್ಲಿ ಗೇಟು ಹಾಕಿದ್ದಾರೆ. ಬೇರೆ ಅತಿಥಿಗಳ ಎತ್ತರ ಯಾರಿಗೂ ಬೇಕಿಲ್ಲ. ಈಕೆಯದನ್ನು ಮಾತ್ರ ಮಳೆಗಾಲ ಪೂರ್ತಿ ಪತ್ರಿಕೆಗಳು ದಿನವೂ ಅಚ್ಚು ಹಾಕುತ್ತವೆ. ಗರಿಷ್ಠ 2922 ಅಡಿ, ಮೈತೂಕ 37.103 ಟಿಎಂಸಿ.

ಇನ್ನು ಗೃಹ. ಅದು ಮಳೆಗಾಲದಲ್ಲಿ ಹಿನ್ನೀರಿಗೆ ಮುಳುಗುವ ಶೆಟ್ಟಿಹಳ್ಳಿಯ ರೋಸರಿ ಚರ್ಚು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿದ್ದೆಂಬುದು ಬಹುಜನಮತ. ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಕಟ್ಟಿಸಿದರೆಂಬುದು ಇನ್ನೊಂದು ಮತ. ದುಬ್ವಾ 1823ರಲ್ಲೇ ಫ್ರಾನ್ಸಿಗೆ ಮರಳಿ 1848ರಲ್ಲಿ ತೀರಿಕೊಂಡವರಾದ್ದರಿಂದ, ಎರಡೂ ಮತಗಳನ್ನು ಒಟ್ಟಿಗೆ ನಂಬುವವರು ಶಂಕುಸ್ಥಾಪನೆಗೆ ಅವರ ಆತ್ಮವನ್ನೇ ಕರೆಸಬೇಕಾಗುತ್ತದೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಂತೆ. ಮೊಟ್ಟೆಯ ವಿಚಾರ ಸೂಕ್ಷ್ಮ, ಬಿಡೋಣ. ಬೆಲ್ಲ ಮಾತ್ರ ನಿರ್ಣಾಯಕ ಪ್ರಮಾಣ. ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುವುದು ಈ ನಾಡಿನ ಮೊದಲ ಉಪಚಾರ. ಇಲ್ಲಿ ಬೆಲ್ಲ ಗೋಡೆಯಲ್ಲೇ ಉಂಟು, ನೀರನ್ನು ಅತಿಥಿಯೇ ತರುತ್ತಾಳೆ. ಇಷ್ಟು ಮಿತವ್ಯಯದ ಆತಿಥ್ಯ ಚೀನಾದಲ್ಲಿ ದುರ್ಲಭ. ಲಾಂದ್ರ ತೂಗುಹಾಕಲು ಸೂರಿಲ್ಲವೆಂದು ಆಕ್ಷೇಪಿಸುವವರುಂಟು. ಕಂಬದೆತ್ತರ ಏರುವ ಅತಿಥಿಗೆ ಸೂರು ತಲೆಗೆ ತಾಗುತ್ತಿತ್ತು ಎಂಬುದು ಸಮಾಧಾನ.

ಆತಿಥೇಯರ ಕುರಿತು ಶಾಸ್ತ್ರಕಾರರು ಯಾಕೋ ಮೌನ. ನೆಂಟರು ಬಂದರೆ ಮಂಚ ಬಿಟ್ಟುಕೊಟ್ಟು ನಡುಮನೆಯಲ್ಲಿ ಚಾಪೆ ಹಾಸಿಕೊಳ್ಳುವುದು ಎಲ್ಲ ಕಡೆಯೂ ಇದೆ. ಮನೆ, ಗದ್ದೆ, ಕಣ, ಸ್ಮಶಾನ ಎಲ್ಲವನ್ನೂ ಬಿಟ್ಟುಕೊಟ್ಟು ಊರಿಗೂರೇ ಗಂಟುಮೂಟೆ ಕಟ್ಟಿದ್ದು ಹೇಮಾವತಿ ಹಿನ್ನೀರಿನ ಸಂಪ್ರದಾಯ. ಹೊರಟವರಿಗೆ ಬೆಲ್ಲ ಕೊಟ್ಟರೇ ಎಂಬುದಕ್ಕೆ ಪ್ರಮಾಣವಿಲ್ಲ. ಈಗ ಬೇಸಿಗೆಯಲ್ಲಿ ಮದುವೆಗೆ ಮುಂಚಿನ ಫೋಟೋಗಾಗಿ ಉದ್ದ ಗೌನು ಎಳೆದುಕೊಂಡು ಬರುವ ಜೋಡಿಗಳನ್ನು ಉಪಅತಿಥಿಗಳೆಂದು ವರ್ಗೀಕರಿಸಬಹುದು. ಅವರ ವಾಸ್ತವ್ಯ ಕ್ಯಾಮೆರಾ ಬ್ಯಾಟರಿ ಇರುವವರೆಗೆ.

ಚೀನಾದಲ್ಲೂ ಇಂಥ ಗೃಹವಿದೆಯಲ್ಲ ಎಂದು ಪ್ರತಿವಾದಿ ಶಿಚೆಂಗ್ ನಗರವನ್ನು ತೋರಿಸಬಹುದು. 1959ರಲ್ಲಿ ಶಿನ್‌ಆನ್‌ ನದಿಯ ಅಣೆಕಟ್ಟಿಗಾಗಿ ಮುಳುಗಿದ ಊರದು, ಈಗಲೂ ಸರೋವರದ ತಳದಲ್ಲೇ ಇದೆ. ದೃಷ್ಟಾಂತ ಸಲ್ಲದು. ಬಂದು ಹೋಗದವರನ್ನು ಅತಿಥಿಯೆಂದು ಯಾವ ಶಾಸ್ತ್ರವೂ ಒಪ್ಪಿಲ್ಲ. ನಮ್ಮ ಹೇಮಾವತಿ ಬೇಸಿಗೆ ಹೊತ್ತಿಗೆ ಮರ್ಯಾದೆಯಾಗಿ ಕೋಣೆ ಖಾಲಿ ಮಾಡುತ್ತಾಳೆ. ಎಡದಂಡೆ ನಾಲೆ ಹಿಡಿದು ತುಮಕೂರಿನ ಕಡೆಗೋ, ಹೊಳೆಯಲ್ಲೇ ಕನ್ನಂಬಾಡಿಯ ಕಡೆಗೋ ಎಂಬುದು ಮೀಮಾಂಸೆಗೆ ಮೀರಿದ ವಿಷಯ, ಶಾಸಕರು ನೋಡಿಕೊಳ್ಳುತ್ತಾರೆ.

ಉಳಿದದ್ದೊಂದೇ ತೊಡಕು. 12 ವರ್ಷ ಬಿಡದೆ ಅನುಭವದಲ್ಲಿದ್ದವರು ಖಾಸಗಿ ಸ್ವತ್ತಿನ ಮೇಲೆ ಪ್ರತಿಕೂಲ ಸ್ವಾಧೀನದ ಹಕ್ಕು ಹೂಡಬಹುದು. ವರ್ಷ ವರ್ಷ ಎದ್ದು ಹೋಗುವ ಹೇಮಾವತಿಗೆ ಈ ಹಕ್ಕಿಲ್ಲವೆಂದು ಒಂದು ಪಕ್ಷ. ಎದ್ದು ಹೋದರೂ ನೆಲದ ತುಂಬ ಹೂಳು ಬಿಟ್ಟೇ ಹೋಗುತ್ತಾಳೆ, ಕೆಂಪು ಬಸ್ಸಿನ ಸೀಟಿಗೆ ಟವೆಲ್ ಹಾಕಿ ಕಾಫಿಗೆ ಇಳಿದವನ ಹಕ್ಕು ಈಕೆಗೇಕಿಲ್ಲ ಎಂಬುದು ಇನ್ನೊಂದು. ಕಂಡಕ್ಟರರ ತೀರ್ಪು ಇನ್ನೂ ಬಂದಿಲ್ಲ.